ಸರದಾರ ಟೇಲರ ಅತ್ತೆಯಾದದ್ದು

ಕಲಾವಿದನಾಗುವುದಕ್ಕೆ ಮೊದಲು ನಾನು ಮೀಸೆಯಿದ್ದ ಮನುಷ್ಯ. ಭಾರಿ ಮೀಸೆಯೇನಲ್ಲ. ಬಾಯಲ್ಲಿ ಕರಿ ದಾರ ಕಚ್ಚಿಕೊಂಡು ಮಷಿನ್ ತುಳಿಯುತ್ತ ಕೂತರೆ ಯಾವುದು ದಾರ, ಯಾವುದು ಮೀಸೆ ಎಂದು ಗಿರಾಕಿಗಳು ಬಗ್ಗಿ ನೋಡಬೇಕಾಗುತ್ತಿತ್ತು. ಆದರೂ ಮೀಸೆ ಮೀಸೆಯೇ. ಅದನ್ನು ನಾನು ಕಲೆಗಾಗಿ ತ್ಯಾಗ ಮಾಡಿದೆ ಎಂದು ಇವತ್ತಿಗೂ ಹೇಳಿಕೊಳ್ಳುತ್ತೇನೆ. ನನ್ನ ಹೆಂಡತಿ ರಹಿಮಾ ಆ ತ್ಯಾಗದ ಮಾತು ಬಂದಾಗಲೆಲ್ಲ, "ಹೋಗಿದ್ದ ಯಾರಿಗರ ಗೊತ್ತರ ಆತೇನ್ರಿ?" ಎಂದು ಕೇಳುತ್ತಾಳೆ.

ನಮ್ಮೂರು ಮಹಾರಾಷ್ಟ್ರದ ಜತ್ತ ತಾಲೂಕಿನ ಪೂರ್ವದ ಅಂಚಿನಲ್ಲಿ, ಸಂಖ ಎಂಬ ಊರಿನ ಆಚೆಗಿದೆ. ಇಲ್ಲಿ ಸರಕಾರ ಮರಾಠಿಯಲ್ಲಿ ಮಾತಾಡುತ್ತದೆ, ನಾವು ಕನ್ನಡದಲ್ಲಿ ಹೂಂ ಅನ್ನುತ್ತೇವೆ. ನಮ್ಮ ಮನೆಯ ಮಾತು ಅರ್ಧ ದಖನಿ, ಅರ್ಧ ಕನ್ನಡ. ಬೈಗುಳ ಮಾತ್ರ ಪೂರ್ತಿ ಕನ್ನಡ. ಹನುಮಂತನ ಗುಡಿಯ ಎದುರಿಗೆ 'ಸರದಾರ ಟೇಲರ್ಸ್, ಲೇಡೀಜ್ ಸ್ಪೆಷಲಿಸ್ಟ್' ಎಂಬ ಬೋರ್ಡು ಕಾಣುತ್ತದಲ್ಲ, ಅದು ನನ್ನದು. ಊರಿನ ಹೆಣ್ಣುಮಕ್ಕಳ ಕುಬಸಗಳೆಲ್ಲ ನನ್ನ ಕತ್ತರಿಯ ಕೆಳಗೇ ಹಾಯ್ದು ಬರಬೇಕು. ಹೀಗಾಗಿ ಅವರ ಸಿಟ್ಟು ನನಗೆ ಒಳ್ಳೆಯದಲ್ಲ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟಾಗಿಯೂ ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಆ ಸಿಟ್ಟನ್ನು ನಾನೇ ಮೈಕು ಹಿಡಿದು ಕರೆದುಕೊಂಡೆ.

ನಮ್ಮೂರ ಹುಡುಗರು ವರ್ಷಕ್ಕೊಂದು ನಾಟಕ ಆಡುತ್ತಾರೆ. ನಾಟಕ ಬರೆಯುವವರು, ಹಾಡು ಕಟ್ಟುವವರು, ಹಾರ್ಮೋನಿಯಂ ಪೆಟ್ಟಿಗೆ ಬಾರಿಸುವವರು, ಕಲಿಸುವವರು ಎಲ್ಲ ಶ್ರೀಶೈಲಪ್ಪ ಮಾಸ್ತರರೇ. ಸಾಲೆಯಿಂದ ರಿಟಾಯರ್ ಆದ ಮೇಲೆ ಬೈಯುವುದಕ್ಕೆ ಹುಡುಗರು ಸಿಗದೆ ನಾಟಕಕ್ಕೆ ಬಂದವರು. ಅವರ ಎಲ್ಲ ನಾಟಕದಲ್ಲೂ ನನಗೆ ಪೊಲೀಸನ ಪಾತ್ರ. "ನಡಿ ಠಾಣೇಕ" ಎಂಬುದೊಂದೇ ಮಾತು. ಅದರ ಜೊತೆಗೆ ಎಲ್ಲರ ಬಟ್ಟೆ ಹೊಲಿಯುವ ಕೆಲಸ. ತಾಲೀಮಿನ ಹೊತ್ತಿಗೆ ನಾನು ಸೂಜಿ ಹಿಡಿದು ಮೂಲೆಯಲ್ಲಿ ಕೂತಿರುತ್ತಿದ್ದೆ, ಮಾಸ್ತರು ಹುಡುಗರಿಗೆ ಕಲೆಯ ಮರ್ಮ ಹೇಳುತ್ತಿದ್ದರು.

"ಕಲಾವಿದ ಅಂದ್ರ ಜನರೊಳಗ ಕರಗಬೇಕ್ರೋ. ಅವರ ನಡಿಗಿ, ಅವರ ಮಾತು, ಅವರ ಕೆಮ್ಮು ಎಲ್ಲಾ ಕದ್ದ ತರಬೇಕು. ನಿಮ್ಮನ್ನ ನೋಡಿದ ಮಂದಿ, ಅಯ್ಯ ಇದು ನಾನ ಅಲಾ, ಅಂತ ಎದ್ದ ನಿಂದರಬೇಕು."

ಹುಡುಗರು ಆಕಳಿಸುತ್ತಿದ್ದರು. ಮಾತು ನನಗೊಬ್ಬನಿಗೇ ನಾಟುತ್ತಿತ್ತು. ಜನರೊಳಗೆ ನನ್ನಷ್ಟು ಕರಗಿದವನು ಯಾರಿದ್ದಾನೆ? ಊರಿನ ಹೆಣ್ಣುಮಕ್ಕಳ ತೋಳಿನ ಸುತ್ತಳತೆ ನನಗೆ ಬಾಯಿಪಾಠ. ಒಂದು ದೊಡ್ಡ ಪಾತ್ರ ಸಿಗಲಿ, ತೋರಿಸುತ್ತೇನೆ ಎಂದು ಅಂದುಕೊಂಡು ಗುಂಡಿ ಹಚ್ಚುತ್ತಿದ್ದೆ.

ಆ ವರ್ಷದ ನಾಟಕ 'ಅತ್ತಿಯ ಕತ್ತಿ, ಸೊಸಿಯ ನೆತ್ತಿ'. ಅತ್ತೆ ಮತ್ತು ಸೊಸೆಯ ಪಾತ್ರಕ್ಕೆ ಬಿಜಾಪುರದಿಂದ ಇಬ್ಬರು ನಟಿಯರು ಬರುವುದೆಂದು ಗೊತ್ತಾಗಿತ್ತು. ನಾಟಕದ ದಿನ ಮಧ್ಯಾಹ್ನದ ಬಸ್ಸಿಗೆ ಸೊಸೆ ಬಂದು ಇಳಿದಳು. ಅತ್ತೆ ಬರಲಿಲ್ಲ, ಸಂಜೆಯ ಹೊತ್ತಿಗೆ ಅವಳ ಫೋನು ಬಂತು. ಅವಳ ಸ್ವಂತ ಸೊಸೆಗೆ ಹೆರಿಗೆ ಬ್ಯಾನಿ ಸುರುವಾಗಿತ್ತಂತೆ. "ಮನ್ಯಾಗ ಖರೇ ಅತ್ತಿ ಆಗೂ ಹೊತ್ತ ಬಂದದ ಮಾಸ್ತರ, ನಾಟಕದ ಅತ್ತಿನ್ನ ನೀವ ನೋಡ್ಕೋರಿ" ಎಂದು ಹೇಳಿ ಇಟ್ಟುಬಿಟ್ಟಳು.

ಮಾಸ್ತರು ಪೆಟ್ಟಿಗೆಯ ಮುಂದೆ ತಲೆ ಹಿಡಿದು ಕೂತರು. ಸ್ವಲ್ಪ ಹೊತ್ತಿಗೆ ತಲೆ ಎತ್ತಿದಾಗ ಎದುರಿಗೆ ಸಿಕ್ಕವನು ನಾನು. ಅತ್ತೆಯ ಕುಬಸಕ್ಕೆ ಹುಕ್ಕು ಹಚ್ಚುತ್ತಿದ್ದೆ.

"ಸರದಾರ, ಮೀಸಿ ತಗಸ" ಎಂದರು.

"ಮಾಸ್ತರ, ಪೊಲೀಸನ ಪಾತ್ರ ಯಾರ ಮಾಡವ್ರು?"

"ಪೊಲೀಸ ಇಲ್ಲಾಂದ್ರ ಕಳ್ಳ ತಾನ ನಡಕೋತ ಠಾಣೇಕ ಹೋಗ್ತಾನ. ಅತ್ತಿ ಇಲ್ಲಾಂದ್ರ ಸೊಸಿ ಯಾರ ಮುಂದ ಅಳಬೇಕು? ಎಲ್ಲಾರ ಮಾತೂ ನಿನಗ ಬರ್ತಾವಲ್ಲ?"

ಬರುತ್ತವೆ ಎಂದೆ. ಖರೇ ಹೇಳಬೇಕೆಂದರೆ, ಬೇರೆಯವರು ಹೇಳುವಾಗ ಅವರಿಗಿಂತ ಮೊದಲು ನನ್ನ ತುಟಿಗೆ ಬರುತ್ತಿದ್ದವು. ನಾನೇ ಹೇಳಬೇಕಾದಾಗ ಎಲ್ಲಿಗೆ ಹೋಗುತ್ತವೆ ಎಂಬುದು ಆಗ ಗೊತ್ತಿರಲಿಲ್ಲ.

ಪರದೆ ಎದ್ದಾಗ ಎದುರಿಗೆ ಇಡೀ ಊರಿತ್ತು. ಒಂದು ಬದಿಗೆ ಗಂಡಸರು, ಇನ್ನೊಂದು ಬದಿಗೆ ಹೆಣ್ಣುಮಕ್ಕಳು. ಹೆಣ್ಣುಮಕ್ಕಳ ನಡುವೆ ನಮ್ಮ ಅಮ್ಮ, ಪಕ್ಕದಲ್ಲಿ ರಹಿಮಾ. ನಾನು ಇಳಕಲ್ ಸೀರೆಯಲ್ಲಿ ಹೆಜ್ಜೆ ಇಟ್ಟೆ. ಇಟ್ಟ ಕೂಡಲೇ ಮೂರು ಸಂಕಟಗಳು ಒಟ್ಟಿಗೆ ಗಂಟುಬಿದ್ದವು.

ಮೊದಲನೆಯದು ಕುಬಸ. ಅದು ಭುಜದಿಂದ ಜಾರುತ್ತಿತ್ತು. ಅದು ಜಾರಿದರೆ ಮಾನ ಹೋಗುತ್ತದೆಂದು ನಾನು ಎರಡು ಮಾತಿಗೊಮ್ಮೆ ಸೆರಗನ್ನು ಜಗ್ಗಿ ಭುಜದ ಮೇಲೆ ಹೊಡೆದುಕೊಳ್ಳುತ್ತಿದ್ದೆ. ಎರಡನೆಯದು ಚಪ್ಪಲಿ. ಯಾರದೋ ಚಪ್ಪಲಿ ಮೆಟ್ಟಿದ್ದೆ, ಅದರ ಮೊಳೆ ಎದ್ದಿತ್ತು. ಬಲಗಾಲಿನ ಹಿಮ್ಮಡಿ ಎತ್ತಿ, ಸೊಂಟ ತಿರುವಿ, ಒಂದು ಕೈ ಬೀಸಿ ನಡೆಯದೆ ಗತಿಯಿರಲಿಲ್ಲ. ಮೂರನೆಯದೇ ದೊಡ್ಡದು. ಸೊಸೆ ಬಂದು, "ಅತ್ತಿ, ಹಾಲ ಕಾಸಲೇನ್ರಿ?" ಎಂದಾಗ ನನ್ನ ಮಾತು ಪೂರ್ತಿ ಮರೆತುಹೋಯಿತು. ಪಕ್ಕದ ಪರದೆಯ ಹಿಂದೆ ಒಬ್ಬ ಹುಡುಗ ಮಾತು ಎತ್ತಿಕೊಡಲು ನಿಂತಿದ್ದ. ನಾನು ಆ ಕಡೆ ಕಿವಿ ಚಾಚಿ, ಕಣ್ಣು ಸಣ್ಣ ಮಾಡಿ, "ಏನಂದಿ?" ಎಂದೆ. ಅವನು ಹೇಳಿದ್ದು ಕೇಳಿಸಲಿಲ್ಲ. "ಏನಂದಿ? ಏನಂದಿ?"

ಹೆಣ್ಣುಮಕ್ಕಳ ಕಡೆ ಬಾಂಬು ಸಿಡಿದಂತೆ ನಗೆ ಎದ್ದಿತು. ಯಾರೋ ಎದ್ದು ನಿಂತು, "ಅಯ್ಯ, ಥೇಟ ಸಿದ್ದವ್ವ!" ಎಂದು ಚೀರಿದರು. ಮೊಳೆ ಚುಚ್ಚಿ ನಾನು ನಡೆದರೆ ನಗೆ, ಸೆರಗು ಜಗ್ಗಿದರೆ ಸಿಳ್ಳೆ, ಮಾತು ಮರೆತರೆ ಚಪ್ಪಾಳೆ. ಪಾಪ, ಆ ಬಿಜಾಪುರದ ಸೊಸೆ ನೂರಾರು ನಾಟಕ ಆಡಿದವಳು, ಅವಳು ಕಣ್ಣೀರು ಹಾಕಿ ಹಾಡಿದರೆ ಮಂದಿ ಅವಳ ಬೆನ್ನ ಹಿಂದೆ ನಿಂತಿದ್ದ ನನ್ನನ್ನು ನೋಡಿ ನಗುತ್ತಿದ್ದರು. ನಾನು ಆಗ ಮೊಳೆ ತಪ್ಪಿಸಿಕೊಳ್ಳುತ್ತಿದ್ದೆ, ಅಷ್ಟೆ.

ನಾಟಕ ಮುಗಿದ ಮೇಲೆ ನನ್ನನ್ನು ಮುಂದಕ್ಕೆ ಕರೆದರು. ಶಾಲು ಹೊದಿಸಿದವರು ಸೋಮನಿಂಗಪ್ಪ ಕಾಕಾ. ಅವರು ನಮ್ಮೂರ ತಂಟಾಮುಕ್ತಿ ಸಮಿತಿಯ ಅಧ್ಯಕ್ಷರು. ಊರಿನ ತಂಟೆಗಳನ್ನು ಊರಲ್ಲೇ ಮುಗಿಸಿಕೊಳ್ಳಿ, ತಂಟೆಯಿಲ್ಲದ ಊರಿಗೆ ಬಹುಮಾನ ಕೊಡುತ್ತೇವೆ ಎಂದು ಸರಕಾರ ಹಿಂದಿನ ವರ್ಷವಷ್ಟೇ ಹೇಳಿತ್ತು. ಅಂದಿನಿಂದ ಕಾಕಾ ಎಲ್ಲಿ ಇಬ್ಬರು ಸ್ವಲ್ಪ ಜೋರಾಗಿ ಮಾತಾಡಿದರೂ ಓಡಿಬಂದು ನಡುವೆ ನಿಲ್ಲುತ್ತಿದ್ದರು. ಆ ರಾತ್ರಿ ಅವರಿಗೂ ನಗೆ ತಡೆಯಲಾಗಿರಲಿಲ್ಲ. ಮಾಸ್ತರು ಮೈಕು ಹಿಡಿದು, "ಇದಕ್ಕ ಅಂತಾರ ನೈಜ ಅಭಿನಯ! ಈ ಕಲಾವಿದ ಜನರೊಳಗ ಕರಗ್ಯಾನ!" ಎಂದು ಕೂಗಿದರು. ಆಮೇಲೆ ಮೈಕನ್ನು ನನ್ನ ಕೈಗೆ ಕೊಟ್ಟರು.

ಕೊಡಬಾರದಿತ್ತು. ಮೈಕು ಕೈಗೆ ಬಂದಾಗ ಖರೇ ಮಾತು ಹೇಳುವವರು ಲೋಕದಲ್ಲಿ ಕಡಿಮೆ. ನಾನು ಆ ಕಡಿಮೆಯವರಲ್ಲಿ ಸೇರಿದವನಲ್ಲ. ಪಾತ್ರ ಸಿಕ್ಕಿದ್ದು ಅದೇ ದಿನ ಸಂಜೆ ಎಂಬುದು ಆ ಕ್ಷಣಕ್ಕೆ ನನಗೇ ಮರೆತುಹೋಗಿತ್ತು. ಅಚ್ಚ ಗ್ರಾಂಥಿಕ ಕನ್ನಡದಲ್ಲಿ ಶುರುಮಾಡಿದೆ: "ಬಂಧು ಭಗಿನಿಯರೇ, ಈ ಪಾತ್ರಕ್ಕಾಗಿ ನಾನು ಇಡೀ ವರ್ಷ ನಮ್ಮೂರಿನ ಮಾತೆಯರನ್ನು ಅವರಿಗೆ ತಿಳಿಯದಂತೆ ಅಭ್ಯಾಸ ಮಾಡಿದ್ದೇನೆ. ಅಂಗಡಿಗೆ ಬಂದವರನ್ನು, ಬೀದಿಯಲ್ಲಿ ಹೋಗುವವರನ್ನು, ಯಾರನ್ನೂ ಬಿಟ್ಟಿಲ್ಲ. ನೀವು ಇಂದು ನೋಡಿದ್ದು ನನ್ನನ್ನಲ್ಲ, ನಿಮ್ಮನ್ನೇ!"

ಗಂಡಸರು ಚಪ್ಪಾಳೆ ತಟ್ಟಿದರು. ಹೆಣ್ಣುಮಕ್ಕಳ ಕಡೆ ನಗೆ ನಿಂತಿತ್ತು. ನಾನು ಅದನ್ನು ಗೌರವದ ಮೌನ ಎಂದು ತಿಳಿದೆ.

ಮರುದಿನ ಅಂಗಡಿಯ ಬಾಗಿಲು ತೆಗೆಯುವುದಕ್ಕೂ ಸಿದ್ದವ್ವ ಬರುವುದಕ್ಕೂ ಸರಿಹೋಯಿತು. ಸಿದ್ದವ್ವ ನಮ್ಮ ಓಣಿಯ ಹಿರಿಯಳು. ಓಣಿಯ ಆ ತುದಿಯಲ್ಲಿ ಯಾರಾದರೂ ಪಿಸುಗುಟ್ಟಿದ್ದು ಈ ತುದಿಯಲ್ಲಿ ಕೇಳಿಸಿಕೊಳ್ಳಬಲ್ಲಳು. ಆದರೆ ಸೊಸೆ ಏನಾದರೂ ಕೇಳಿದರೆ ಮಾತ್ರ "ಏನಂದಿ?" ಅನ್ನುತ್ತಾಳೆ. ಸೊಸೆ ಬೇಸತ್ತು ಸುಮ್ಮನಾಗುವ ತನಕ ಅನ್ನುತ್ತಾಳೆ.

"ನನ್ನ ಕುಬಸದ ಅರಬಿ ಕೊಡ" ಎಂದು ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ಕೇಳಿದಳು.

"ನಾಳಿ ಹೊಲದ ಕೊಡ್ತೀನಿ ಸಿದ್ದಕ್ಕ."

"ಹೊಲಿಯೂದ ಬ್ಯಾಡ. ಅರಬಿ ಕೊಡ."

"ಯಾಕ? ಏನಾತು?"

"ಏನಂದಿ?" ಎಂದಳು. ಎಂದವಳು ತಟ್ಟನೆ ಬಾಯಿ ಮುಚ್ಚಿಕೊಂಡಳು. ಮುಖ ಕೆಂಪಾಯಿತು. "ನೋಡ, ನೋಡ! ಒಂದ ಮಾತ ಆಡಾಕ ಬರದಂಗ ಮಾಡಿಟ್ಟಿ. ಮುಂಜಾನಿಂದ ನನ್ನ ಸೊಸಿ ನಾ ಬಾಯಿ ತೆರದ್ರ ಸಾಕು, ಸೆರಗ ಬಾಯಾಗ ತುರಕೋಂಡ ಒಳಗ ಓಡ್ತಾಳ. ಚಾ ಕೊಡ ಅಂದ್ರೂ ನಗತಾಳ!"

ಅವಳು ಹೋದ ಮೇಲೆ ರಹಿಮಾ ಗಿರಣಿಯಿಂದ ಬಂದಳು. ತಲೆಯ ಮೇಲಿನ ಜೋಳದ ಡಬ್ಬಿ ಹೋದ ಹಾಗೇ ತಿರುಗಿ ಬಂದಿತ್ತು. ಗಿರಣಿ ನಡೆಸುವವಳು ಗುರವ್ವ. ಬಲಗಾಲು ಎತ್ತಿಟ್ಟು, ಒಂದು ಕೈ ಬೀಸಿ, ರಸ್ತೆಯೆಲ್ಲ ತನ್ನದೇ ಎಂಬಂತೆ ನಡೆಯುವ ಗಟ್ಟಿ ಹೆಂಗಸು.

"ಏನಂದಳು?" ಎಂದು ಕೇಳಿದೆ.

"ನಿನ್ನ ಗಂಡ ನನ್ನಂಗ ನಡೀತಾನಂತ, ನಡಕೋತ ಸಂಖಕ್ಕ ಹೋಗಿ ಬೀಸಕೊಂಡ ಬರಲಿ ಅಂದ್ಲು. ಗಿರಣ್ಯಾಗ ನಿಂತ ಹುಡುಗ್ಯಾರೆಲ್ಲಾ ಅಕಿ ಹಿಂದ ಹಂಗ ನಡಕೋತ ಹೊಂಟಿದ್ರು ರೀ. ನನಗೂ ನಗಿ ತಡೀಲಿಲ್ಲ. ಅದಕ್ಕ ಡಬ್ಬಿ ತಿರುಗಿ ಕೊಟ್ಟಳು."

ಮಧ್ಯಾಹ್ನದ ಹೊತ್ತಿಗೆ ಸೋಮನಿಂಗಪ್ಪ ಕಾಕಾ ಬಂದರು. ಹಿಂದಿನ ದಿನ ಶಾಲು ಹೊದಿಸಿದ ಕೈಗಳು ಈಗ ಅದನ್ನು ವಾಪಸು ಕೇಳುವಂತೆ ಮುಂದೆ ಚಾಚಿದ್ದವು.

"ಸರದಾರ, ನನ್ನ ಮನ್ಯಾಗ ಒಲಿ ಹತ್ತಿಲ್ಲೋ" ಎಂದರು.

ಕಾಕಾರ ಹೆಂಡತಿ ಸಾವಿತ್ರೆವ್ವ ಶ್ರೀಮಂತರ ಮನೆಯ ಹೆಣ್ಣುಮಗಳು. ಮಾತಿಗೊಮ್ಮೆ ಸೆರಗು ಜಗ್ಗಿ ಭುಜದ ಮೇಲೆ ಹೊಡೆದುಕೊಂಡರೆ ಆ ಮಾತಿಗೆ ಸಹಿ ಬಿದ್ದಂತೆ. ಆ ಸೆರಗಿನ ಸಪ್ಪಳಕ್ಕೆ ಅಧ್ಯಕ್ಷರೂ ಎದ್ದು ನಿಲ್ಲುತ್ತಾರೆ ಎಂದು ಊರಿಗೇ ಗೊತ್ತು.

"ನೀವ ನಕ್ಕಿದ್ರಿ, ನಾ ನೋಡೀನಿ, ಎಲ್ಲಾರಕಿಂತ ಜೋರ ನೀವ ನಕ್ಕಿದ್ರಿ ಅಂತ ಅಕಿ ಕುಂತಾಳ. ಗಟಾರದ ತಂಟೆ ಮುಗಿಸಿದೆ, ಹೊಲದ ಬಾಂದಿನ ತಂಟೆ ಮುಗಿಸಿದೆ. ಅಣ್ಣತಮ್ಮರ ಕೈ ಹಿಡಿದ ಒಂದ ತಾಟಿನ್ಯಾಗ ಊಟಕ್ಕ ಕುಂದರಿಸಿದೆ. ಈಗ ಓಣಿ ಓಣಿಯೊಳಗ ಅತ್ತಿ-ಸೊಸಿ ಜಗಳ. ಈ ಐತವಾರ ಸಾಂಗ್ಲಿ ಕಡಿಂದ ಸಾಹೇಬ್ರು ತಪಾಸಣಿಕ ಬರ್ತಾರ. ಏನ್ ತೋರಸ್ಲಿ? ತಂಟಾಮುಕ್ತ ಗಾವ ಅಂತ ಊರ ಬಾಗಿಲಿಗಿ ಬೋರ್ಡ ಬ್ಯಾರೆ ಹಚ್ಚೀವಿ!"

"ನಾ ಏನ್ ಮಾಡ್ಲಿ ಕಾಕಾರ?"

"ನಾಳಿ ಚಾವಡಿ ಮುಂದ ಬಾ. ಅದು ಯಾರ ಪಾತ್ರ ಅಂತ ಒಂದ ಸಲ ಫೈಸಲಾ ಆಗಲಿ. ಒಬ್ಬಾಕಿ ಕಾಲ ಬಿದ್ದರ ಮುಗೀತದ. ಊರ ತುಂಬ ಕಾಲ ಬೀಳಾಕ ಟೈಮ ಇಲ್ಲ."

ಮನೆಗೆ ಹೋದರೆ ಅಲ್ಲಿ ಇನ್ನೊಂದು ಸಂಕಟ. ನಾಟಕ ನೋಡಿ ಬಂದಾಗಿನಿಂದ ಅಮ್ಮ ನನ್ನೊಡನೆ ಒಂದು ಮಾತೂ ಆಡಿರಲಿಲ್ಲ. ಮಗ ಸೀರೆ ಉಟ್ಟು ಊರ ಮುಂದೆ ಕುಣಿದ ಎಂದು ಸಿಟ್ಟಾಗಿರಬೇಕು ಎಂದುಕೊಂಡೆ. ಆದರೆ ಅವಳು ರಹಿಮಾಳನ್ನೂ ಬೈಯುತ್ತಿರಲಿಲ್ಲ. ಅದೇ ಹೆದರಿಕೆಯ ಸಂಗತಿ. ಬೆಳಗಿನ ನಮಾಜು ಮುಗಿಸಿ ರಹಿಮಾಳನ್ನು ಬೈಯದೆ ಅಮ್ಮ ಯಾವತ್ತೂ ಚಹಾ ಕುಡಿದವಳಲ್ಲ. ಈಗ ಸುಮ್ಮನೆ ಗೋಡೆಗೆ ಒರಗಿ ಕೂತು, ಕೊಟ್ಟದ್ದನ್ನು ಕುಡಿಯುತ್ತಿದ್ದಳು.

"ಸಾರಿಗಿ ಉಪ್ಪ ಹಾಕದ ಕೊಟ್ಟೆ ರೀ" ಎಂದು ರಹಿಮಾ ನನ್ನ ಕಿವಿಯಲ್ಲಿ ಹೇಳಿದಳು. "ಬೇಕಂತ ಹಾಕಲಿಲ್ಲ. ಆದ್ರೂ ಒಂದ ಮಾತ ಅನ್ನಲಿಲ್ಲ. ನನಗ್ಯಾಕೋ ಮನಿ ಮನಿ ಅನಸವಲ್ದು."

ಚಾವಡಿಯ ಮುಂದೆ ಮರುದಿನ ನಾಟಕಕ್ಕಿಂತ ಹೆಚ್ಚು ಮಂದಿ ಸೇರಿದ್ದರು. ನಾನು ನಡುವೆ ನಿಂತೆ. ಕಾಕಾ ಸಮಾಧಾನದ ದನಿಯಲ್ಲಿ ಶುರುಮಾಡಿದರು. "ತಾಯಂದಿರ, ಸರದಾರ ಮಾಡಿದ ಪಾತ್ರ ಯಾರದಂತ ಅನಸ್ತದ, ಹೇಳ್ರಿ."

"ಅದ್ರಾಗ ಕೇಳೂದೇನದ? ಅದು ನಾನ" ಎಂದು ಗುರವ್ವ ಎದ್ದಳು. "ಆ ನಡಿಗಿ ಊರಾಗ ಮತ್ಯಾರಿಗದ?"

"ನಡಿಗಿ ತಗೊಂಡ ಏನ್ ಮಾಡ್ತಿ? ಮಾತ ಯಾರದು?" ಎಂದು ಸಿದ್ದವ್ವ ಎದ್ದಳು. "ಅಂವ ಬಾಯಿ ತೆರದ ಕೂಡಲೇ ಎಲ್ಲಾರೂ ನನ್ನ ಹೆಸರ ತಗೊಂಡ್ರೋ, ನಿನ್ನ ಹೆಸರ ತಗೊಂಡ್ರೋ?"

ಸಾವಿತ್ರೆವ್ವ ಕೂತಲ್ಲಿಂದಲೇ ಸೆರಗು ಜಗ್ಗಿ ಭುಜಕ್ಕೆ ಹೊಡೆದಳು. ಕಾಕಾ ಅಭ್ಯಾಸಬಲದಿಂದ ಎದ್ದು ನಿಂತರು. "ನಾಟಕದ ಅತ್ತಿ ವಾಡೇದಾಕಿ, ದೊಡ್ಡ ಮನೆತನದಾಕಿ" ಎಂದಳು ಅವಳು. "ಜರದ ಸೀರಿ ಉಟ್ಟಾಕಿ. ಗಿರಣಿ ಬೀಸಾಕಿ ಅಲ್ಲ, ಓಣ್ಯಾಗ ಕುಂತ ಕಿವಿ ಚಾಚಾಕಿ ಅಲ್ಲ. ನನ್ನ ಬಿಟ್ಟ ಮತ್ಯಾರನ್ನ ಮಾಡ್ಯಾನು?"

"ಅಯ್ಯ, ಭಾಳ ದೊಡ್ಡಾಕಿ!" ಎಂದಳು ಗುರವ್ವ.

"ಏನಂದಿ?" ಎಂದಳು ಸಿದ್ದವ್ವ. ಈ ಸಲ ಖರೇನೇ ಕೇಳಿಸಿರಲಿಲ್ಲ, ಅಷ್ಟು ಗದ್ದಲ.

ನನ್ನ ಮೇಲೆ ಫಿರ್ಯಾದಿ ಹೇಳಲು ಬಂದವರು ನನ್ನನ್ನೇ ಮರೆತು, ಪಾತ್ರ ತಮ್ಮದೆಂದು ಒಬ್ಬರ ಮೇಲೊಬ್ಬರು ಏರಿಹೋದರು. ಒಂದು ತಂಟೆ ಮುಗಿಸಲು ಕರೆದ ಸಭೆಯಲ್ಲಿ ಹೊಸದಾಗಿ ಮೂರು ಹುಟ್ಟಿದವು. ಕಾಕಾ ಕೈ ಮುಗಿದರು. ಕೊನೆಗೆ ಕಟ್ಟೆಯ ಮೇಲೆ ಕೂತಿದ್ದ ಮುದುಕ ಅಮೋಗಸಿದ್ದ ಕೋಲು ಕುಟ್ಟಿ ಹೇಳಿದ. "ಬಾಯಿಲೆ ಯಾಕ ಬಡದಾಡ್ತೀರಿ? ಟೇಲರ ಇಲ್ಲೇ ಅದಾನ. ಮತ್ತೊಮ್ಮಿ ಮಾಡಿ ತೋರಸಲಿ. ಯಾರಂಗ ಕಾಣ್ತದೋ ಅವರದು."

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಮಾಸ್ತರು ಹಿಂದಿನಿಂದ, "ಮಾಡೋ ಸರದಾರ, ಕಲಾವಿದ ಅಂಜಬಾರದು" ಎಂದರು.

ನಾನು ಮಾಡಿದೆ. ಸೆರಗಿಲ್ಲ, ಹೆಗಲ ಮೇಲಿನ ಟಾವೆಲು ಜಗ್ಗಿದೆ. ಮೊಳೆಯಿಲ್ಲ, ಕಾಲು ತಾನಾಗಿ ಸರಳವಾಗಿ ಬಿತ್ತು. ಮಾತು ಎಲ್ಲ ನೆನಪಿದ್ದವು, ಗಡಗಡ ಹೇಳಿದೆ. ಆ ಕಡೆಯಿಂದ ಈ ಕಡೆ ಹೋದೆ, ಈ ಕಡೆಯಿಂದ ಆ ಕಡೆ ಬಂದೆ. ಒಂದು ನಗೆಯಿಲ್ಲ. ದೂರದಲ್ಲಿ ಒಂದು ಆಡು ಒದರಿತು.

"ಇದು ಅತ್ತಿ ಅಲ್ಲ" ಎಂದ ಅಮೋಗಸಿದ್ದ. "ಬಸ್ ಕಾಯಾಕತ್ತಿದ ಮನಷಾ."

ಮೂವರು ಹೆಣ್ಣುಮಕ್ಕಳೂ ನನ್ನನ್ನು ಅನುಮಾನದಿಂದ ನೋಡತೊಡಗಿದರು. ಬೇಕೆಂದೇ ಮುಚ್ಚಿಡುತ್ತಿದ್ದಾನೆ ಎಂದು ಗುರವ್ವ ಹೇಳಿದಳು. ಕಾಕಾ ನನ್ನ ಹತ್ತಿರ ಬಂದು, "ಐತವಾರ ಬಂತೋ ಸರದಾರ" ಎಂದು ಬೇಡಿಕೊಂಡರು. ಎರಡೇ ದಾರಿ ಉಳಿದಿದ್ದವು. ಕಲಾವಿದನಾಗಿ ಉಳಿದು ಊರಿಗೆ ಬೆಂಕಿ ಹಚ್ಚಬೇಕು, ಇಲ್ಲವೇ ಇದ್ದದ್ದನ್ನು ಇದ್ದಂತೆ ಹೇಳಬೇಕು. ಮಾಸ್ತರು ನನ್ನ ಮುಖ ನೋಡಿಯೇ ತಿಳಿದುಕೊಂಡರು. "ಬ್ಯಾಡೋ, ಬ್ಯಾಡೋ" ಎಂದು ಕೈ ಅಲ್ಲಾಡಿಸಿದರು.

"ನಾ ಯಾರನ್ನೂ ನೋಡಿಲ್ರಿ" ಎಂದೆ. "ಮೈಕ ಹಿಡದ ಸುಳ್ಳ ಹೇಳೀನಿ. ಪಾತ್ರ ಅವತ್ತ ಸಂಜಿಕ ಸಿಕ್ಕದ. ಚಪ್ಪಲ್ಯಾಗ ಮೊಳಿ ಎದ್ದಿತ್ತು, ಅದಕ್ಕ ಹಂಗ ನಡದೆ. ಮಾತ ಮರತಿತ್ತು, ಅದಕ್ಕ ಪರದೇದ ಹಿಂದಿನ ಹುಡುಗಗ 'ಏನಂದಿ' ಅಂದೆ. ಸೆರಗ ಜಗ್ಗಿದ್ದು, ಕುಬಸ ಸಡ್ಲಾಗಿ ಜಾರ್ತಿತ್ತು, ಅದಕ್ಕ."

ಸಾವಿತ್ರೆವ್ವ ನಿಧಾನವಾಗಿ ಕೇಳಿದಳು. "ಆ ಕುಬಸ ಹೊಲದಾವ್ರು ಯಾರು?"

ಇದಕ್ಕೆ ನಾನು ತಯಾರಾಗಿರಲಿಲ್ಲ. "ನಾನರಿ" ಎಂದೆ.

ಹೀಗೆ ಒಂದೇ ಮಾತಿನಲ್ಲಿ ನನ್ನೊಳಗಿನ ಕಲಾವಿದನೂ ಹೋದ, ಟೇಲರನೂ ಹೋದ. ಇಷ್ಟು ಕಳೆದುಕೊಂಡ ಮೇಲಾದರೂ ಹೆಣ್ಣುಮಕ್ಕಳಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಸಿದ್ದವ್ವನ ಮುಖ ಬಾಡಿತು. "ಹಂಗಾದ್ರ ಅದು ನಾ ಅಲ್ಲ?" ಎಂದಳು.

"ಅಲ್ಲ ಸಿದ್ದಕ್ಕ. ಖರೇನ ಅಲ್ಲ."

"ಇಷ್ಟ ವರ್ಷ ನಿನ್ನ ಅಂಗಡಿ ಮುಂದ ಹಾದ ಹೋಗೀನಿ. ಒಂದ ಸಲರ ನನ್ನ ಕಡೆ ಕಣ್ಣೆತ್ತಿ ನೋಡಿಲ್ಲೇನ ನೀ?"

"ಮೊಳಿಯಂತ, ಮೊಳಿ!" ಎಂದು ಗುರವ್ವ ಕೈ ಬೀಸಿದಳು. "ನನ್ನ ನಡಿಗಿ ಅಂದ್ರ ಮೊಳಿ ಚುಚ್ಚಿದ ನಡಿಗಿಯೇನು?"

ಮೂವರೂ ಒಟ್ಟಾಗಿ ನನ್ನ ಕಡೆ ಬೆನ್ನು ಮಾಡಿ, ಒಬ್ಬರ ಹೆಗಲ ಮೇಲೊಬ್ಬರು ಕೈ ಇಟ್ಟುಕೊಂಡು ಮನೆಗೆ ಹೊರಟರು. ನಾನು ಗಾಬರಿಯಿಂದ ಕಾಕಾರ ಮುಖ ನೋಡಿದೆ. ಅದು ಹುಣ್ಣಿಮೆಯಂತೆ ಬೆಳಗುತ್ತಿತ್ತು.

"ಮುಗೀತೋ!" ಎಂದರು. "ಒಬ್ಬರಿಗೊಬ್ಬರ ಸಿಟ್ಟಾದ್ರ ತಂಟೆ. ಎಲ್ಲಾರೂ ಕೂಡಿ ನಿನ್ನ ಒಬ್ಬನ ಮ್ಯಾಲ ಸಿಟ್ಟಾದ್ರ ಅದಕ್ಕ ಏಕತಾ ಅಂತಾರ. ಐತವಾರ ಸಾಹೇಬ್ರು ಹೋಗೂತನಾ ನೀ ಮನಿ ಬಿಟ್ಟ ಹೊರಗ ಬರಬ್ಯಾಡ. ಉಳದದ್ದ ನಾ ನೋಡ್ಕೋತೀನಿ."

ಐತವಾರ ಊರು ಆಸ್ಪತ್ರೆಯಂತೆ ಮೆತ್ತಗಿತ್ತು. ಎಮ್ಮೆ ಒದರಿದರೂ ಬಾಯಿ ಹಿಡಿಯಿರಿ ಎಂದು ಕಾಕಾ ಓಣಿ ಓಣಿ ತಿರುಗಿ ಹೇಳಿದ್ದರು. ನಾನು ಅಪ್ಪಣೆಯಂತೆ ಮನೆಯಲ್ಲಿದ್ದೆ. ಏಕತೆ ಸಿಕ್ಕ ಸಂತೋಷದಲ್ಲಿ ಗುರವ್ವ ನಮ್ಮ ಜೋಳ ಬೀಸಿಕೊಟ್ಟಿದ್ದಳು. ರಹಿಮಾ ರೊಟ್ಟಿ ಬಡಿಯುತ್ತಿದ್ದಳು. ಅಮ್ಮ ಗೋಡೆಗೆ ಒರಗಿ ಅದೇ ಮೌನದಲ್ಲಿ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅಮ್ಮಾ, ಸೀರಿ ಉಟ್ಟಿದ್ದಕ್ಕ ಸಿಟ್ಟೇನು?"

"ಸೀರಿ ಉಟ್ಟರ ಏನಾತು?" ಎಂದಳು. ನಾಟಕದ ರಾತ್ರಿಯಿಂದ ಮೊದಲ ಮಾತು. "ಚಲೋನ ಕಾಣಸ್ತಿದ್ದಿ."

"ಮತ್ಯಾಕ ಮಾತ ಬಿಟ್ಟಿ?"

ಅಮ್ಮ ಗೋಡೆಯಿಂದ ಬೆನ್ನು ಎತ್ತಿದಳು. "ಆ ರಾತ್ರಿ ಮಂದಿ 'ಥೇಟ ಸಿದ್ದವ್ವ' ಅಂದ್ರು, ಗುರವ್ವ ಅಂದ್ರು, ಸಾವಿತ್ರೆವ್ವ ಅಂದ್ರು. ನಾ ಕಾಯಕೋತ ಕುಂತೆ. ಚಾವಡಿ ಮುಂದ ಎಲ್ಲಾರೂ 'ಅದು ನಾ, ಅದು ನಾ' ಅಂತ ಬಡದಾಡಿದ್ರು. ನಾ ಅಲ್ಲೇ ಮೂಲ್ಯಾಗ ನಿಂತಿದ್ದೆ. ಒಬ್ಬರರ ನನ್ನ ಕಡೆ ಬಟ್ಟ ಮಾಡಿ ತೋರಿಸಿದ್ರೇನು? ಈಕಿ ಈ ಮನಿಗಿ ಬಂದಾಗಿಂದ ದಿನಾ ಮುಂಜಾನಿ ಎದ್ದ ಅತ್ತಿತನ ಮಾಡೀನಿ. ರಮ್ಜಾನ ತಿಂಗಳದಾಗ ಉಪಾಸ ಇದ್ದಾಗೂ ಬಿಟ್ಟಿಲ್ಲ. ನನ್ನ ಹೊಟ್ಟ್ಯಾಗ ಹುಟ್ಟಿದ ಮಗಾ ಅತ್ತಿ ಪಾತ್ರ ಮಾಡ್ತಾನ, ಅವ್ವನ ಒಂದ ಮಾತರ, ಒಂದ ಕೆಮ್ಮರ ಬ್ಯಾಡೇನು?"

ರಹಿಮಾ ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡಳು. "ಅಮ್ಮಾ ಹೇಳೂದು ಖರೇ ಅದ ರೀ. ನೀವ ಭಾಳ ತಪ್ಪ ಮಾಡೀರಿ."

ಅಪರಾಧವನ್ನು ಸರಿಪಡಿಸದೆ ಬೇರೆ ದಾರಿಯಿರಲಿಲ್ಲ. ರಹಿಮಾಳ ಓಢಣಿ ತಲೆಗೆ ಹಾಕಿಕೊಂಡೆ. ರೊಟ್ಟಿಯ ಬುಟ್ಟಿಯ ಮುಂದೆ ಒಂದು ಮೊಣಕಾಲು ಎತ್ತಿ ಕೂತೆ. ಮೇಲಿನ ರೊಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿ, ಮೂಗಿನಿಂದ ಹೇಳಿದೆ. "ಇದೇನ ರೊಟ್ಟಿಯೋ, ಇಂಡಿ ತಾಲೂಕಿನ ನಕಾಶೆಯೋ?"

ರಹಿಮಾ ಕಿಲಕಿಲ ನಕ್ಕಳು. ಅಮ್ಮ ನಗಲಿಲ್ಲ. ಬಹಳ ಹೊತ್ತು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ನಾ ಹಂಗ ಅಂತೀನೇನು?" ಎಂದಳು. "ಇಷ್ಟ ಸಣ್ಣ ದನೀಲೆ? ಏಳ ಅಲ್ಲಿಂದ."

ನಾನು ಎದ್ದೆ. ಅವಳು ಬುಟ್ಟಿಯ ಮುಂದೆ ಕೂತಳು. ಕೂತು ಉಸಿರು ತೆಗೆದುಕೊಂಡಳು. ಆಮೇಲೆ ಶುರುವಾದದ್ದನ್ನು ಬರೆಯುವ ಶಕ್ತಿ ನನಗಿಲ್ಲ. ಇಷ್ಟು ದಿನ ಕಟ್ಟಿಟ್ಟದ್ದೆಲ್ಲ ಒಮ್ಮೆಗೇ ಒಡೆದು ಬಂತು. ರೊಟ್ಟಿಯ ಅಂಚಿನಿಂದ ಶುರುವಾಗಿ ಉಪ್ಪಿಲ್ಲದ ಸಾರಿಗೆ ಬಂತು. ಸಾರಿನಿಂದ ರಹಿಮಾಳ ತವರಿಗೆ, ತವರಿನಿಂದ ಅವಳ ಮದುವೆಯಲ್ಲಿ ತಣ್ಣಗಾಗಿದ್ದ ಬಿರ್ಯಾನಿಗೆ ಹೋಯಿತು. ಮಾಡಿನ ಮೇಲಿನ ಪಾರಿವಾಳಗಳು ಎದ್ದು ಹಾರಿದವು. ರಹಿಮಾ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕುಸಿದಳು. ನಗೆಗೆ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು.

ಅದೇ ಹೊತ್ತಿಗೆ ಕಾಕಾ ಸಾಹೇಬರನ್ನು ಕರೆದುಕೊಂಡು ನಮ್ಮ ಓಣಿಯಲ್ಲಿ ಬರುತ್ತಿದ್ದರು. "ನಮ್ಮೂರಾಗ ಅತ್ತಿ-ಸೊಸಿ ಅಂದ್ರ ಅವ್ವ-ಮಗಳು ಇದ್ದಂಗ" ಎಂದು ಮರಾಠಿಯಲ್ಲಿ ಹೇಳುತ್ತಿದ್ದರಂತೆ. ಬಾಗಿಲು ತಳ್ಳಿ ಸಾಹೇಬರು ಒಳಗೆ ಬಂದಾಗ ಕಂಡದ್ದು ಇದು. ಕೂಗುತ್ತಿರುವ ಅತ್ತೆ, ನೆಲಕ್ಕೆ ಬಿದ್ದು ಕಣ್ಣೀರು ಸುರಿಸುತ್ತಿರುವ ಸೊಸೆ, ಓಢಣಿ ಹೊದ್ದು ಮೂಲೆಯಲ್ಲಿ ನಿಂತ ಗಂಡಸು.

ಕಾಕಾ ಸಾಹೇಬರಿಗೆ ಅಡ್ಡ ಬಂದು, "ತಾಲೀಮ, ಸಾಹೇಬ್ರ! ನಾಟಕದ ತಾಲೀಮ ನಡದದ!" ಎಂದು ಒದರಿದರು.

ಅಮ್ಮ ನಿಲ್ಲಿಸಲಿಲ್ಲ. ಬೈಯುವಾಗ ಅವಳಿಗೆ ಬಂದವರು ಹೋದವರು ಕಾಣುವುದಿಲ್ಲ. ಬಿರ್ಯಾನಿಯ ವಿಷಯ ಪೂರ್ತಿ ಮುಗಿದ ಮೇಲೆಯೇ ನೀರು ಕುಡಿಯಲು ತಿರುಗಿದಳು. ಸಾಹೇಬರು ಚಪ್ಪಾಳೆ ತಟ್ಟಿದರು. ಕಣ್ಣಂಚು ಒದ್ದೆಯಾಗಿತ್ತು.

"ಹುಬೇಹೂಬ ನಮ್ಮ ಆಯಿ" ಎಂದರು ಮರಾಠಿಯಲ್ಲಿ. ಅಂದರೆ ಥೇಟ ತಮ್ಮ ಅವ್ವ. ಮುಂದಿನದನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. "ನನ್ನ ಹೆಂಡತಿಗೆ ಹೀಗೆಯೇ ಬೈಯುತ್ತಿದ್ದಳು. ಮೂರು ವರ್ಷವಾಯಿತು ಈ ದನಿ ಕೇಳಿ. ಎಂಥ ಅಭಿನಯ!"

"ನಮ್ಮೂರ ಕಲಾವಿದ ಇವ್ನರಿ" ಎಂದು ಕಾಕಾ ಅವಸರದಿಂದ ನನ್ನನ್ನು ಮುಂದೆ ದಬ್ಬಿದರು.

ಸಾಹೇಬರು ಓಢಣಿಯ ಒಳಗಿನ ನನ್ನ ಮುಖ ನೋಡಿದರು. ತಿರುಗಿ ಅಮ್ಮನನ್ನು ನೋಡಿದರು. "ಇವರು ಇನ್ನೂ ಕಲಿಯಬೇಕು" ಎಂದು ನನ್ನ ಬೆನ್ನು ತಟ್ಟಿ ಹೊರಟರು.

ಊರಿಗೆ ಬಹುಮಾನ ಬಂತು. ಸಿದ್ದವ್ವ ಅರಬಿ ತಿರುಗಿ ತಂದುಕೊಟ್ಟಳು, ಅಳತೆ ಮಾತ್ರ ಸೊಸೆಯಿಂದ ಎರಡು ಸಲ ತೆಗೆಸಿದಳು. ಅದೆಲ್ಲ ಆಮೇಲಿನ ಮಾತು. ಆ ದಿನ ಸಾಹೇಬರ ಹೆಜ್ಜೆ ಸಪ್ಪಳ ಓಣಿಯಲ್ಲಿ ದೂರವಾದ ಮೇಲೆ ಅಮ್ಮ ಕೇಳಿದಳು. "ಏನಂದ ಅಂವಾ?"

"ನಿನ್ನ ಅಭಿನಯ ಭಾರಿ ಆತು ಅಂದ್ರು."

"ಅಭಿನಯ ಅಂದ್ರ?"

"ಅಂದ್ರ, ಮನಸಿನ್ಯಾಗ ಸಿಟ್ಟ ಇರಾಂಗಿಲ್ಲ. ಸುಳ್ಳ ಸುಳ್ಳ ಬೈಯೂದು. ನೋಡಾವ್ರಿಗಿ ಖರೇ ಅನಸಬೇಕು."

ಅಮ್ಮ ಬುಟ್ಟಿಯೊಳಗಿಂದ ಒಂದು ರೊಟ್ಟಿ ತೆಗೆದು ಮಗುಚಿ, ಸೀದುಹೋದ ಮಗ್ಗುಲನ್ನು ರಹಿಮಾಳ ಮುಂದೆ ಹಿಡಿದಳು.

"ಸುಳ್ಳ ಸುಳ್ಳ ಯಾರ ಬೈದ್ರು?" ಎಂದಳು.